ಮಾತಾಡುವ ಯಂತ್ರಗಳೂ ಕನ್ನಡದ ಮಾತೂ

ಮನೆಯ ಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿಗೆಯನ್ನಿಟ್ಟು, ಅದನ್ನು ಹೆಸರು ಹಿಡಿದು ಕೂಗಿ, ಇಂದು ಮಳೆ ಬರುವುದೇ ಎಂದು ವಿಚಾರಿಸಿದರೆ ಅದು ಮನುಷ್ಯರ ಧ್ವನಿಯಲ್ಲಿಯೇ ಉತ್ತರ ಕೊಡುವುದೆಂಬ ಸಂಗತಿಯು ಈಗ ಪಟ್ಟಣದ ಮಕ್ಕಳಿಗೂ ಬೆರಗನ್ನುಂಟುಮಾಡುವುದಿಲ್ಲ. ಆಪಲ್ ಕಂಪನಿಯ ಸಿರಿಯು ೨೦೧೧ರಲ್ಲಿ ಕೈಫೋನಿನೊಳಗೆ ಬಂದು ಕುಳಿತಿತು. ಅಮೆಜಾನಿನ ಅಲೆಕ್ಸಾ ೨೦೧೪ರಲ್ಲಿ ಎಕೋ ಎಂಬ ಪೆಟ್ಟಿಗೆಯ ರೂಪದಲ್ಲಿ ಅಮೇರಿಕೆಯ ಮನೆಗಳನ್ನು ಹೊಕ್ಕಿತು. ಗೂಗಲ್ ತನ್ನ ಅಸಿಸ್ಟೆಂಟನ್ನು ೨೦೧೬ರಲ್ಲಿ ಲೋಕಕ್ಕೆ ಸಾರಿತು. ನಮ್ಮ ದೇಶದ ಪೇಟೆಗೆ ಎಕೋ ೨೦೧೭ರ ಅಕ್ಟೋಬರಿನಲ್ಲಿಯೂ ಗೂಗಲಿನ ಪೆಟ್ಟಿಗೆಯು ೨೦೧೮ರ ಏಪ್ರಿಲಿನಲ್ಲಿಯೂ ಬಂದವು. ಧ್ವನಿ ಸಹಾಯಕಗಳೆಂದು ಕರೆಯಲ್ಪಡುವ ಈ ಯಂತ್ರಗಳ ಗುಣದೋಷಗಳನ್ನು ಕುರಿತು ಬೇಕಾದಷ್ಟು ಬರೆಯಲಾಗಿದೆ. ಆದರೆ ಇವುಗಳಿಗೆ ಸಂಭಾಷಣೆಯನ್ನು ಕಲಿಸುವ ಕಸಬು ಎಂಥದು, ಅದನ್ನು ಮಾಡುವವರು ಯಾರು, ಆ ಕಸಬಿನಲ್ಲಿ ಕನ್ನಡಕ್ಕೆ ದೊರೆತ ಸ್ಥಾನವೇನು ಎಂಬ ಪ್ರಶ್ನೆಗಳು ನಮ್ಮಲ್ಲಿ ಚರ್ಚೆಗೆ ಬಂದಿರುವುದು ಅತ್ಯಲ್ಪ. ಆದುದರಿಂದಲೇ ಈ ಲೇಖನ.

ಪೆಟ್ಟಿಗೆಯನ್ನು ಮಾಡಿದ ಕಂಪನಿಯೇ ಅದು ಆಡುವ ಮಾತೆಲ್ಲವನ್ನೂ ಬರೆದಿಟ್ಟಿರುವುದೆಂಬ ಭಾವನೆಯು ಸಾಮಾನ್ಯವಾಗಿದೆ. ಅದು ಪೂರ್ಣವಾಗಿ ನಿಜವಲ್ಲ. ವೇಳೆ ಹೇಳುವುದು, ಹವೆಯ ಸುದ್ದಿ, ಹಾಡು ಮೊದಲಾದ ಕೆಲವು ಕೆಲಸಗಳನ್ನು ಕಂಪನಿಯು ತಾನೇ ಕಲಿಸುತ್ತದೆ. ಮಿಕ್ಕದ್ದನ್ನು, ಅಂದರೆ ಬ್ಯಾಂಕಿನ ಲೆಕ್ಕ, ಅಡಿಗೆಯ ಕ್ರಮ, ಮಕ್ಕಳ ಒಗಟು, ರೈಲಿನ ವೇಳೆ ಮುಂತಾದುವನ್ನು ಹೊರಗಿನವರು ಕಲಿಸಬೇಕು. ೨೦೧೫ರ ಜೂನಿನಲ್ಲಿ ಅಮೆಜಾನ್ ಕಂಪನಿಯು ತನ್ನ ಯಂತ್ರದ ಬಾಗಿಲನ್ನು ಇಂಥ ಹೊರಗಿನ ಕಸಬುದಾರರಿಗೆ ತೆರೆದು, ಅವರು ಕಲಿಸಿದ ಒಂದೊಂದು ವಿದ್ಯೆಗೂ ‘ಸ್ಕಿಲ್’ ಎಂದು ಹೆಸರಿಟ್ಟಿತು. ಗೂಗಲ್ ೨೦೧೬ರ ಡಿಸೆಂಬರಿನಲ್ಲಿ ಅದೇ ಹಾದಿಯನ್ನು ಹಿಡಿದು ತನ್ನಲ್ಲಿಯ ವಿದ್ಯೆಗಳನ್ನು ‘ಆಕ್ಷನ್’ ಎಂದು ಕರೆಯಿತು. ೨೦೧೯ರ ಹೊತ್ತಿಗೆ ಅಲೆಕ್ಸಾ ಒಂದರಲ್ಲಿಯೇ ಒಂದು ಲಕ್ಷಕ್ಕೆ ಮೀರಿದ ಸ್ಕಿಲ್‌ಗಳಿದ್ದವೆಂದು ಆ ಕಂಪನಿಯೇ ಪ್ರಕಟಿಸಿತ್ತು.

ಈ ಯಂತ್ರದ ಒಳಗುಟ್ಟು ತಿಳಿಯಲು ಕಠಿಣವಾದುದೇನಲ್ಲ. ಪೆಟ್ಟಿಗೆಯು ತನ್ನ ಹೆಸರು ಕೇಳಿಬರುವ ತನಕ ಕಾದಿರುವುದು. ಹೆಸರು ಕಿವಿಗೆ ಬಿದ್ದೊಡನೆ ಎಚ್ಚತ್ತು, ಮುಂದಿನ ಮಾತನ್ನು ದೂರದಲ್ಲಿರುವ ಕಂಪನಿಯ ಗಣಕಾಗಾರಕ್ಕೆ ಕಳಿಸುವುದು. ಅಲ್ಲಿ ಮೊದಲು ಧ್ವನಿಯು ಅಕ್ಷರವಾಗುವುದು. ತರುವಾಯ ಆ ಅಕ್ಷರಗಳ ಹಿಂದಿನ ಉದ್ದೇಶವೇನೆಂಬುದು ನಿರ್ಣಯವಾಗುವುದು. ಈ ಉದ್ದೇಶಕ್ಕೆ ಕಸಬುದಾರರು ‘ಇಂಟೆಂಟ್’ ಎನ್ನುತ್ತಾರೆ, ನಾವು ಇಂಗಿತವೆನ್ನೋಣ. ಒಂದೇ ಇಂಗಿತದೊಳಗೆ ಬದಲಾಗುತ್ತಿರುವ ಊರು, ದಿನ, ಹಣ, ಪದಾರ್ಥ ಮೊದಲಾದ ವಿವರಗಳಿಗೆ ‘ಸ್ಲಾಟ್’ ಎಂದು ಅವರ ಹೆಸರು. ಖಾನೆಯೆಂದರೆ ನಮಗೆ ಸಾಕಾಗುವುದು. ಇಂಗಿತವೂ ಖಾನೆಗಳೂ ಗೊತ್ತಾದ ಮೇಲೆ ಅವು ಸ್ಕಿಲ್ಲನ್ನು ಬರೆದವನ ಪ್ರೋಗ್ರಾಮಿಗೆ ಹೋಗಿ ಮುಟ್ಟುತ್ತವೆ. ಅದು ತಕ್ಕ ಉತ್ತರವನ್ನು ಹುಡುಕಿ ಅಕ್ಷರರೂಪದಲ್ಲಿ ಹಿಂದಿರುಗಿಸಿದರೆ, ಕಂಪನಿಯ ಯಂತ್ರವು ಅದನ್ನು ಪುನಃ ಧ್ವನಿಯನ್ನಾಗಿ ಮಾಡಿ ನುಡಿಯುವುದು. ಅಲೆಕ್ಸಾದ ಕಟ್ಟಳೆಯಂತೆ ಉತ್ತರವು ಎಂಟು ಸೆಕೆಂಡಿನೊಳಗಾಗಿ ಬರಬೇಕು. ತಡವಾದರೆ ಸಂಭಾಷಣೆಯು ಅಲ್ಲಿಗೇ ಮುರಿದುಬೀಳುವುದು.

ಇದರಿಂದ ವಿದಿತವಾಗುವುದೇನೆಂದರೆ, ಧ್ವನಿಯನ್ನು ಗುರುತಿಸುವ ಗಣಿತವೆಲ್ಲ ಕಂಪನಿಯ ಕೈಯಲ್ಲಿಯೇ ಇರುತ್ತದೆ. ಹೊರಗಿನ ಕಸಬುದಾರನಿಗೆ ಉಳಿಯುವುದು ಬೇರೊಂದು ಕೆಲಸ: ಒಂದು ಇಂಗಿತವನ್ನು ಜನರು ಯಾವ ಯಾವ ಮಾತುಗಳಲ್ಲಿ ಹೇಳಬಹುದೆಂಬುದರ ಪಟ್ಟಿಯನ್ನು ಮಾಡುವುದು. ನೋಡಲಿಕ್ಕೆ ಇದು ಗುಮಾಸ್ತಗಿರಿಯಂತೆ ಕಾಣುವುದು. ಆದರೆ ಇಡಿಯ ಕಸಬಿನ ಜೀವಾಳವು ಇದರಲ್ಲಿಯೇ ಅಡಗಿದೆ. ತನ್ನ ಖಾತೆಯಲ್ಲಿ ಹಣವೆಷ್ಟಿದೆಯೆಂದು ತಿಳಿಯಬೇಕಾದವನು “ನನ್ನ ಖಾತೆಯ ಶಿಲ್ಕು ತಿಳಿಸು” ಎಂದು ಹೇಳುವನೆಂದು ಕಚೇರಿಯಲ್ಲಿ ಕುಳಿತವನು ಎಣಿಸುತ್ತಾನೆ. ಆದರೆ ಬೀದಿಯ ಮನುಷ್ಯನು “ದುಡ್ಡು ಎಷ್ಟೈತಿ ನೋಡು” ಎನ್ನುತ್ತಾನೆ, “ಸಂಬಳ ಬಂತಾ?” ಎನ್ನುತ್ತಾನೆ, “ಇನ್ನೂ ಏನಾದ್ರೂ ಉಳಿದಿದೆಯಾ?” ಎಂದೂ ಕೇಳುತ್ತಾನೆ. ಐದು ವಾಕ್ಯಗಳನ್ನು ಊಹಿಸಿ ಬರೆದವನ ಮುಂದೆ ಆರನೆಯ ಮನುಷ್ಯನು ಬಂದು ಆರನೆಯ ವಾಕ್ಯವನ್ನಾಡಿದಾಗ, ಯಂತ್ರವು “ತಿಳಿಯಲಿಲ್ಲ” ಎಂದು ಕೈಚೆಲ್ಲುವುದು. ಇಂಥ ಎರಡು ಅನುಭವಗಳಾದ ಮೇಲೆ ಮೂರನೆಯ ಸಲ ಆ ಸ್ಕಿಲ್ಲನ್ನು ಕರೆಯುವವರು ವಿರಳ.

ಆದಕಾರಣ ಕಸಬನ್ನು ಬಲ್ಲವರು ಮೊದಲು ಬರೆಯುವುದಿಲ್ಲ, ಕೇಳುತ್ತಾರೆ. ಅದಕ್ಕೆ ಒಂದು ಸೊಗಸಾದ ಉಪಾಯವನ್ನು ಕಂಡುಕೊಂಡಿದ್ದಾರೆ. ಯಂತ್ರವು ಇನ್ನೂ ಹುಟ್ಟದಿರುವಾಗಲೇ, ಅದು ಸಿದ್ಧವಾಗಿದೆಯೆಂದು ಹೇಳಿ ಒಬ್ಬನನ್ನು ಕೋಣೆಯಲ್ಲಿ ಕೂಡಿಸುವುದು. ಗೋಡೆಯ ಆಚೆಗೆ ಕುಳಿತ ಮನುಷ್ಯನೊಬ್ಬನು ಯಂತ್ರದ ಪಾತ್ರವನ್ನು ವಹಿಸಿ ಉತ್ತರ ಕೊಡುವುದು. ಒಂದು ಮಕ್ಕಳ ಕಥೆಯಲ್ಲಿ ಪರದೆಯ ಮರೆಯಲ್ಲಿ ನಿಂತು ಊರನ್ನೇ ಬೆದರಿಸಿದ ಮಾಂತ್ರಿಕನ ಹೆಸರಿನಿಂದ ಇದನ್ನು ‘ವಿಜರ್ಡ್ ಆಫ್ ಓಜ್’ ಪ್ರಯೋಗವೆಂದು ಕರೆಯುತ್ತಾರೆ. ಕೇಳುಗನು ತನ್ನ ಸಹಜವಾದ ಮಾತಿನಲ್ಲಿ ಏನೇನು ಕೇಳಿದನು, ಎಲ್ಲಿ ತಡವರಿಸಿದನು, ಎಲ್ಲಿ ಬೇಸತ್ತನು ಎಂಬುದೆಲ್ಲವೂ ಬರೆದಿಡಲ್ಪಡುತ್ತದೆ. ಸ್ಕಿಲ್ ಜನರ ಕೈಗೆ ಹೋದ ತರುವಾಯವೂ ಈ ಕೆಲಸ ತಪ್ಪಿದ್ದಲ್ಲ. ಯಂತ್ರಕ್ಕೆ ತಿಳಿಯದೆ ಹೋದ ಮಾತುಗಳನ್ನು ವಾರವಾರವೂ ಓದಿ ಪಟ್ಟಿಗೆ ಸೇರಿಸುತ್ತಿರಬೇಕು. ನಿಘಂಟನ್ನು ರಚಿಸುವ ಪಂಡಿತನ ಕೆಲಸಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಪಂಡಿತನು ಗ್ರಂಥಗಳಿಂದ ಶಬ್ದಗಳನ್ನು ಆಯುತ್ತಾನೆ, ಇವನು ಬಾಯಿಗಳಿಂದ ಆಯುತ್ತಾನೆ, ಇಷ್ಟೇ.

ಇನ್ನು ಕನ್ನಡದ ಮಾತಿಗೆ ಬರೋಣ. ಈ ಯಂತ್ರಗಳ ಚೌಕಟ್ಟೆಲ್ಲವೂ ಇಂಗ್ಲಿಷ್ ಮಾತನ್ನು ಮುಂದಿಟ್ಟುಕೊಂಡು ಮೊದಲು ಕಡೆಯಲ್ಪಟ್ಟಿತು. ಇಂಗ್ಲಿಷಿನಲ್ಲಿ ಊರಿನ ಹೆಸರು ವಾಕ್ಯದೊಳಗೆ ಕಲ್ಲಿನಂತೆ ಬೇರೆಯಾಗಿ ಕುಳಿತಿರುತ್ತದೆ. ಅದನ್ನು ತೆಗೆದು ಇನ್ನೊಂದು ಊರನ್ನಿಟ್ಟರೆ ವಾಕ್ಯವು ಕೆಡುವುದಿಲ್ಲ. ಖಾನೆಯೆಂಬ ಕಲ್ಪನೆಯು ಹುಟ್ಟಿದ್ದೇ ಇದರಿಂದ. ಕನ್ನಡದಲ್ಲಿ ಹಾಗಲ್ಲ. ನಾವು ಮೈಸೂರಿಗೆ ಹೋಗುತ್ತೇವೆ, ಮೈಸೂರಿನಿಂದ ಬರುತ್ತೇವೆ, ಮೈಸೂರಲ್ಲಿ ಇರುತ್ತೇವೆ, ಮೈಸೂರಿನ ಹವೆಯನ್ನು ವಿಚಾರಿಸುತ್ತೇವೆ. ಪ್ರತ್ಯಯವು ನಾಮಪದವನ್ನು ಅಪ್ಪಿಕೊಂಡೇ ಬರುವುದು. ಇಷ್ಟಕ್ಕೇ ಮುಗಿಯಲಿಲ್ಲ. ಧಾರವಾಡವು ‘ಧಾರವಾಡಕ್ಕೆ’ ಆಗುವುದು, ಶಿವಮೊಗ್ಗವು ‘ಶಿವಮೊಗ್ಗೆಗೆ’ ಎಂದೂ ‘ಶಿವಮೊಗ್ಗಕ್ಕೆ’ ಎಂದೂ ಆಗುವುದು, ಮಡಿಕೇರಿಯು ‘ಮಡಿಕೇರಿಗೆ’ ಆಗುವುದು. ಬಾಯಿಮಾತಿನಲ್ಲಿಯಂತೂ ‘ಮೈಸೂರಿಂದ’ ಎಂಬಲ್ಲಿಗೆ ನಿಲ್ಲದೆ ‘ಮೈಸೂರಿಂದಾನೇ’ ಎಂಬ ತನಕ ಬಾಲ ಬೆಳೆಯುವುದು. ಖಾನೆಯಲ್ಲಿ ಬರಿಯ ಊರಿನ ಹೆಸರುಗಳನ್ನು ತುಂಬಿದವನ ಯಂತ್ರಕ್ಕೆ ಇವುಗಳಲ್ಲಿ ಯಾವುದೂ ಊರೆಂದು ತೋರುವುದಿಲ್ಲ. ಪ್ರತ್ಯಯವನ್ನು ಬಿಡಿಸಿ ಪ್ರಕೃತಿಯನ್ನು ಗುರುತಿಸುವ ಒಂದು ವ್ಯವಸ್ಥೆಯನ್ನು ಮೊದಲು ಕಟ್ಟಬೇಕು. ಅದನ್ನು ಬಿಡಿಸುವಾಗ ಪ್ರತ್ಯಯವನ್ನು ಕಸವೆಂದು ಬಿಸಾಡಲೂ ಕೂಡದು. ಏಕೆಂದರೆ ಬಸ್ಸು ಮೈಸೂರಿಗೆ ಬೇಕೋ ಮೈಸೂರಿನಿಂದ ಬೇಕೋ ಎಂಬುದನ್ನು ತಿಳಿಸುವುದು ಅದೊಂದೇ. ಕೇಶಿರಾಜನ ಕಾಲದಿಂದಲೂ ನಮ್ಮ ವೈಯಾಕರಣರು ವಿಭಕ್ತಿಗಳ ಮೇಲೆ ಪಟ್ಟ ಶ್ರಮವು ಇಂಥ ಕಡೆಯಲ್ಲಿ ಉಪಯೋಗಕ್ಕೆ ಬರುವುದೆಂದು ಯಾರು ಎಣಿಸಿದ್ದರು!

ವ್ಯಾಕರಣದ ತೊಡಕನ್ನಾದರೂ ಜಾಣ್ಮೆಯಿಂದ ಬಿಡಿಸಬಹುದು. ರೂಢಿಯ ತೊಡಕು ಅದಕ್ಕಿಂತ ಸೂಕ್ಷ್ಮವಾದುದು. ನಮ್ಮ ಮನೆಗಳಲ್ಲಿ ದೀಪವನ್ನು ಆರಿಸು ಎಂದು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ, ಅದು ಅಮಂಗಲ. “ದೀಪ ದೊಡ್ಡದು ಮಾಡು” ಎನ್ನುತ್ತಾರೆ, ಇಲ್ಲವೆ “ಶಾಂತ ಮಾಡು” ಎನ್ನುತ್ತಾರೆ. ವಿದ್ಯುದ್ದೀಪಗಳನ್ನು ಹೊತ್ತಿಸಿ ನಂದಿಸುವುದೇ ಈ ಪೆಟ್ಟಿಗೆಗಳ ಮುಖ್ಯ ಕೆಲಸಗಳಲ್ಲೊಂದು. ಅಜ್ಜಿಯು ಮಲಗುವ ಹೊತ್ತಿಗೆ “ದೀಪ ದೊಡ್ಡದು ಮಾಡಪ್ಪ” ಎಂದಳೆಂದರೆ ಶಬ್ದಾರ್ಥವನ್ನಷ್ಟೇ ಬಲ್ಲ ಯಂತ್ರವು ಕೋಣೆಯನ್ನೆಲ್ಲ ಬೆಳಗಿಬಿಡುವುದರಲ್ಲಿ ಸಂಶಯವಿಲ್ಲ. ಹಾಗೆಯೇ, ಕನ್ನಡಿಗನು ಮಾತು ಮುಗಿಸಿ ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುತ್ತಾನೆ. ಇದು ಸಂಭಾಷಣೆಯ ಸಮಾಪ್ತಿಯೆಂದು ಯಂತ್ರಕ್ಕೆ ಯಾರಾದರೂ ಹೇಳಿಕೊಟ್ಟಿರಬೇಕು. ‘ಸಾಕು’ ಎಂಬುದು ಒಮ್ಮೆ ನಿಲ್ಲಿಸೆಂಬ ಆಜ್ಞೆ, ಇನ್ನೊಮ್ಮೆ ಇಷ್ಟು ಸಾಲುವುದೆಂಬ ತೃಪ್ತಿ. ‘ಹೂಂ’ ಎಂದರೆ ಒಪ್ಪಿಗೆ, ‘ಊಹೂಂ’ ಎಂದರೆ ನಿರಾಕರಣೆ. ಈ ಎರಡರ ನಡುವಣ ಭೇದವು ಒಂದು ಧ್ವನಿಯಲ್ಲಿ ನಿಂತಿದೆ. ಹಣವನ್ನು ಇನ್ನೊಬ್ಬರ ಖಾತೆಗೆ ಕಳಿಸುವ ಸ್ಕಿಲ್ಲನ್ನು ಬರೆಯುವವನು ಈ ಭೇದವನ್ನು ಕಡೆಗಣಿಸಿದರೆ ಅದರ ಫಲವನ್ನು ಉಣ್ಣುವವರು ಬೇರೆಯವರು! ಹತ್ತೂವರೆ, ಒಂದೂಕಾಲು, ಮುಕ್ಕಾಲು, ನಾಡಿದ್ದು, ಆಚೆ ವಾರ ಎಂಬಿವುಗಳ ಸುದ್ದಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ‘ಲೈಟ್ ಆಫ್ ಮಾಡು’ ಎಂಬ ಬೆರಕೆಯ ಮಾತನ್ನು ಕನ್ನಡವಲ್ಲವೆಂದು ತಳ್ಳಿಹಾಕುವ ಪಂಡಿತಮಾನಿಗಳಿಗೂ ಈ ಕಸಬಿನಲ್ಲಿ ಎಡೆಯಿಲ್ಲ. ಜನರು ಆಡುವುದನ್ನು ಯಂತ್ರವು ತಿಳಿಯಬೇಕೇ ಹೊರತು ಯಂತ್ರಕ್ಕಾಗಿ ಜನರು ತಮ್ಮ ನುಡಿಯನ್ನು ತಿದ್ದಿಕೊಳ್ಳಲಾರರು.

ಇದೆಲ್ಲ ಪೇಟೆಯ ಮನೆಗಳ ವಿನೋದವೆಂದು ಭಾವಿಸಬಾರದು. ತುಮಕೂರಿನ ಸಿದ್ದಗಂಗಾ ತಾಂತ್ರಿಕ ಮಹಾವಿದ್ಯಾಲಯದ ವಿದ್ವಾಂಸರು ಕೃಷಿ ಉತ್ಪನ್ನಗಳ ಧಾರಣೆಯನ್ನೂ ಹವೆಯನ್ನೂ ಕನ್ನಡದಲ್ಲಿ ಕೇಳಿ ತಿಳಿಯುವ ಒಂದು ಟೆಲಿಫೋನ್ ವ್ಯವಸ್ಥೆಯನ್ನು ನಿರ್ಮಿಸಿ ಅದರ ವಿವರವನ್ನು ೨೦೧೭ರಲ್ಲಿ ಪ್ರಕಟಿಸಿರುತ್ತಾರೆ. ರೈತನು ಫೋನು ಮಾಡಿ, ಯಂತ್ರವು ಕೇಳಿದ ವಿವರಗಳನ್ನು ಬಾಯಲ್ಲಿ ಹೇಳಿದರೆ ಅದು ಧಾರಣೆಯನ್ನು ಓದಿ ಹೇಳತಕ್ಕದ್ದು. ಪೆಟ್ಟಿಗೆ ಬೇಡ, ಬೆಲೆಬಾಳುವ ಫೋನೂ ಬೇಡ. ಇದಕ್ಕಾಗಿ ಅವರು ನಾಡಿನ ರೈತರ ಧ್ವನಿಗಳನ್ನೇ ಸಂಗ್ರಹಿಸಿದರು. ಕಚೇರಿಯ ನಿಶ್ಶಬ್ದದಲ್ಲಿ ಓದಿಸಿದ ಧ್ವನಿಗಳಲ್ಲ, ಗಾಳಿ ಗದ್ದಲಗಳ ನಡುವಿನ ಧ್ವನಿಗಳು.

ಧಾರಣೆಯ ಈ ಉದಾಹರಣೆಯನ್ನೇ ತೆಗೆದುಕೊಂಡು ವಾಚಕರು ತುಸು ವಿಚಾರ ಮಾಡಬೇಕು. ಮೈಸೂರು ಸೀಮೆಯವನು ಮುಸುಕಿನ ಜೋಳವೆನ್ನುವುದನ್ನು ದಾವಣಗೆರೆಯ ಕಡೆಯವನು ಮೆಕ್ಕೆಜೋಳವೆನ್ನುತ್ತಾನೆ, ಧಾರವಾಡದ ಕಡೆಯವನು ಗೋವಿನ ಜೋಳವೆನ್ನುತ್ತಾನೆ. ಬರಿಯ ‘ಜೋಳ’ವೆಂದರೆ ವಿಜಾಪುರದವನ ಮನಸ್ಸಿಗೆ ಬರುವುದು ರೊಟ್ಟಿಯ ಬಿಳಿಜೋಳ, ಹಳೆಯ ಮೈಸೂರಿನ ಪೇಟೆಯ ಹುಡುಗನಿಗೆ ಬರುವುದು ಸುಟ್ಟು ತಿನ್ನುವ ತೆನೆ. ದಕ್ಷಿಣದ ಕಡಲೆಕಾಯಿಯು ಉತ್ತರದಲ್ಲಿ ಶೇಂಗಾ. ‘ಕಡಲೆ’ಯೆಂದು ನಿಲ್ಲಿಸಿದರೆ ಅದು ಬೇರೆಯೇ ಧಾನ್ಯ. ಮೆಣಸು ಮೆಣಸಿನಕಾಯಿಗಳ ಸಂಗತಿಯೂ ಅಷ್ಟೆ. ಮಲೆನಾಡಿನ ಕಾಳಿನ ಧಾರಣೆಗೂ ಬ್ಯಾಡಗಿಯ ಕಾಯಿಯ ಧಾರಣೆಗೂ ಎಲ್ಲಿಂದೆಲ್ಲಿಯ ಸಂಬಂಧ? ಮಾರುಕಟ್ಟೆಯ ದಫ್ತರದಲ್ಲಿ ಲೆಕ್ಕವು ಕ್ವಿಂಟಲಿನದು. ರೈತನ ಬಾಯಲ್ಲಿ ಚೀಲ. ಒಂದು ಮಾತು ತಪ್ಪಾಗಿ ಕೇಳಿಸಿದರೆ ಹಾಡು ಬದಲಾಗುವ ಆಟವಲ್ಲ ಇದು. ತಪ್ಪು ಧಾರಣೆಯನ್ನು ನಂಬಿ ಮಾಲನ್ನು ಗಾಡಿಗೇರಿಸಿದವನ ವರ್ಷದ ದುಡಿಮೆಯು ಇಲ್ಲಿ ತೂಗುಯ್ಯಾಲೆಯಲ್ಲಿರುತ್ತದೆ. ಆದಕಾರಣ ಇಂಥ ಯಂತ್ರವು ಸಂದೇಹ ಬಂದಾಗಲೆಲ್ಲ “ಶೇಂಗಾ, ಅಂದರೆ ನೆಲಗಡಲೆಯ ಧಾರಣೆಯೇ?” ಎಂದು ಮರುಪ್ರಶ್ನೆ ಮಾಡಿಯೇ ಮುಂದುವರಿಯಬೇಕಾಗುವುದು. ಎಲ್ಲಿ ಮರುಪ್ರಶ್ನೆ ಬೇಕು, ಎಲ್ಲಿ ಅದು ಕಿರುಕುಳವಾದೀತು ಎಂಬ ವಿವೇಚನೆಯು ಯಾವ ಕಂಪನಿಯ ಗಣಕದಲ್ಲಿಯೂ ಸಿದ್ಧವಾಗಿ ಸಿಕ್ಕುವುದಿಲ್ಲ. ಆ ಬೆಳೆಯನ್ನೂ ಆ ಜನರನ್ನೂ ಬಲ್ಲವನೇ ಅದನ್ನು ನಿರ್ಣಯಿಸಬೇಕು.

ಉತ್ತರವನ್ನು ರಚಿಸುವುದೂ ಒಂದು ವಿದ್ಯೆ. ಕಣ್ಣಿಗೆ ಕಾಣಿಸಿದ್ದನ್ನು ಹಿಂದಿರುಗಿ ಓದಬಹುದು. ಕಿವಿಗೆ ಹಿಂದಿನ ಪುಟವಿಲ್ಲ. ಹತ್ತು ಆಯ್ಕೆಗಳನ್ನು ಒಂದೇ ಉಸಿರಿನಲ್ಲಿ ಓದಿದರೆ ಮೊದಲಿನದು ಮರೆತಿರುತ್ತದೆ, ಕೊನೆಯದು ಬೇಸರ ತಂದಿರುತ್ತದೆ. ಆದುದರಿಂದ ಬಲ್ಲವರು ಎರಡು ಮೂರಕ್ಕಿಂತ ಹೆಚ್ಚು ಆಯ್ಕೆಗಳನ್ನು ಒಮ್ಮೆಗೆ ಇಡುವುದಿಲ್ಲ. ಯಂತ್ರಕ್ಕೆ ತಿಳಿಯದಾಗ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಒದರುವುದು ಹೆಡ್ಡತನ. ಎರಡನೆಯ ಸಲ ಪ್ರಶ್ನೆಯನ್ನು ಬೇರೆ ಬಗೆಯಾಗಿ ಕೇಳಬೇಕು, ಒಂದು ಮಾದರಿ ಉತ್ತರವನ್ನೂ ಸೂಚಿಸಬೇಕು. ಮೂರನೆಯ ಸಲಕ್ಕೆ ಮನುಷ್ಯನೊಬ್ಬನ ಕಡೆಗೆ ಕರೆಯನ್ನು ದಾಟಿಸುವುದು ಉತ್ತಮ. ಇದರ ಮೇಲೆ ಕನ್ನಡಕ್ಕೆ ವಿಶೇಷವಾದ ಮರ್ಯಾದೆಯ ಪ್ರಶ್ನೆಯೊಂದುಂಟು. ಇಂಗ್ಲಿಷಿನ ಯಂತ್ರವು ಅರಸನಿಗೂ ಆಳಿಗೂ ಒಂದೇ ಸರ್ವನಾಮವನ್ನು ಬಳಸಿ ಪಾರಾಗುವುದು. ಕನ್ನಡದ ಯಂತ್ರವು ಯಜಮಾನರಿಗೆ ‘ಹೇಳಿರಿ’ ಎನ್ನಬೇಕು. ಆದರೆ ಯಜಮಾನರು ಅದಕ್ಕೆ ‘ಹೇಳು’ ಎಂದಾರು, ‘ಹೇಳ್ರಿ’ ಎಂದಾರು, ‘ಹೇಳಪ್ಪಾ’, ‘ಹೇಳವ್ವಾ’ ಎಂದಾರು. ಎಲ್ಲವೂ ಒಂದೇ ಇಂಗಿತ. ಐದು ವರ್ಷದ ಮಗುವಿಗೆ ಯಂತ್ರವು ಬಹುವಚನವನ್ನು ಬಳಸಿದರೆ ನಗೆ ಬರುವುದು. ಅಜ್ಜನಿಗೆ ಏಕವಚನವನ್ನು ಬಳಸಿದರೆ ಪೆಟ್ಟಿಗೆಯು ಅಂಗಳಕ್ಕೆ ಬೀಳುವುದು.

ಇಷ್ಟೆಲ್ಲ ಪರಿಶ್ರಮದಿಂದ ಕಟ್ಟಿದ ಮನೆಯು ಯಾರ ನೆಲದ ಮೇಲೆ ನಿಂತಿದೆ? ಈ ಪ್ರಶ್ನೆಗೆ ೨೦೨೩ರಲ್ಲಿ ಸ್ಪಷ್ಟವಾದ ಉತ್ತರ ದೊರೆಯಿತು. ಗೂಗಲ್ ಕಂಪನಿಯು ಹೊರಗಿನವರು ಬರೆದ ಸಂಭಾಷಣೆಯ ಆಕ್ಷನ್‌ಗಳನ್ನೆಲ್ಲ ನಿಲ್ಲಿಸುವುದಾಗಿ ೨೦೨೨ರ ಜೂನಿನಲ್ಲಿ ಸಾರಿ, ಒಂದು ವರ್ಷದ ಗಡುವು ಕೊಟ್ಟು, ೨೦೨೩ರ ಜೂನ್ ೧೩ರಂದು ಬಾಗಿಲು ಮುಚ್ಚಿತು. ಆರು ವರ್ಷಗಳಿಗೂ ಮಿಕ್ಕಿ ಅಲ್ಲಿ ದುಡಿದವರ ಇಂಗಿತಗಳ ಪಟ್ಟಿ, ಸಂಭಾಷಣೆಯ ನಕ್ಷೆಗಳು, ಸಂಪಾದಿಸಿದ ಕೇಳುಗರು, ಇವುಗಳಿಗೆ ಆ ಯಂತ್ರದಲ್ಲಿ ನೆಲೆಯಿಲ್ಲದೆ ಹೋಯಿತು. ಬೇಕಾದವರು ಆಂಡ್ರಾಯ್ಡ್ ಫೋನಿನ ಆಪ್‌ಗಳ ಕಡೆಗೆ ಹೋಗಬಹುದೆಂದು ಸೂಚಿಸಲಾಯಿತು. ಫ್ರಾನ್ಸಿನ ಸ್ನಿಪ್ಸ್ ಎಂಬ ಸಣ್ಣ ಸಂಸ್ಥೆಯು ಮಾತನ್ನು ಮನೆಯಿಂದ ಹೊರಗೆ ಕಳಿಸದೆಯೇ ತಿಳಿಯುವ ಯಂತ್ರವನ್ನು ಮಾಡಿ ಹೆಸರು ಗಳಿಸಿತ್ತು. ಸೋನೋಸ್ ಕಂಪನಿಯು ೨೦೧೯ರಲ್ಲಿ ಅದನ್ನು ಕೊಂಡುಕೊಂಡ ಬಳಿಕ ಹೊರಗಿನ ಕಸಬುದಾರರಿಗೆ ಅಲ್ಲಿಯೂ ಬಾಗಿಲು ಮುಚ್ಚಿತು. ಅಮೆಜಾನಿನ ಸ್ಕಿಲ್‌ಗಳು ಉಳಿದವಾದರೂ, ಜನಪ್ರಿಯ ಸ್ಕಿಲ್‌ಗಳನ್ನು ಬರೆದವರಿಗೆ ಕಂಪನಿಯು ಕೊಡುತ್ತಿದ್ದ ಸಂಭಾವನೆಯು ೨೦೨೪ರ ಜೂನಿನ ಕೊನೆಗೆ ನಿಂತುಹೋಯಿತು. ಒಪ್ಪಂದದ ಪ್ರಕಾರ ಇವುಗಳಲ್ಲಿ ಯಾವುದೂ ಅನ್ಯಾಯವಲ್ಲವೆಂದು ಕಂಪನಿಯವರು ಹೇಳಬಹುದು. ನೆಲದ ಒಡೆಯನು ಒಕ್ಕಲನ್ನು ಎಬ್ಬಿಸುವಾಗಲೂ ಕಾಗದಪತ್ರಗಳು ಸರಿಯಾಗಿಯೇ ಇರುತ್ತವೆ.

ಕನ್ನಡಿಗರಿಗೆ ಈ ನೆಲದಲ್ಲಿ ಒಕ್ಕಲುತನವೂ ನೆಟ್ಟಗೆ ದೊರೆಯಲಿಲ್ಲ. ಅಲೆಕ್ಸಾಗೆ ಹಿಂದಿಯನ್ನು ೨೦೧೯ರಲ್ಲಿ ಕಲಿಸಲಾಯಿತು. ಹೊರಗಿನವರು ಸ್ಕಿಲ್ ಬರೆಯಬಹುದಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡಕ್ಕೆ ಎಡೆ ಸಿಕ್ಕಿಲ್ಲ. ಗೂಗಲ್ ಅಸಿಸ್ಟೆಂಟು ೨೦೧೯ರ ಫೆಬ್ರವರಿಯಲ್ಲಿ ಮರಾಠಿ, ತೆಲುಗು, ತಮಿಳುಗಳೊಡನೆ ಕನ್ನಡವನ್ನೂ ಕೇಳತೊಡಗಿತೆಂಬುದು ಸಂತೋಷದ ಸಂಗತಿಯೇ ಸರಿ. ಆದರೆ ಕಂಪನಿಯ ಯಂತ್ರವು ಕನ್ನಡವನ್ನು ತಿಳಿಯುವುದು ಬೇರೆ, ಕನ್ನಡಿಗನು ತನ್ನ ಊರಿನ ಕೆಲಸವನ್ನು ಅದಕ್ಕೆ ಕನ್ನಡದಲ್ಲಿ ಕಲಿಸುವುದು ಬೇರೆ. ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಹೊರದೇಶಗಳ ಜನರಿಗಾಗಿ ಇಂಗ್ಲಿಷ್ ಸಂಭಾಷಣೆಗಳನ್ನು ಹೆಣೆಯುವ ತರುಣರಿಗೆ, ಬೀದಿಯ ಆಚೆಯ ತರಕಾರಿಯವಳು ಹೇಗೆ ಬೆಲೆ ಕೇಳುತ್ತಾಳೆಂಬುದು ಕಸಬಿನ ವಿಷಯವಾಗಿ ಎಂದೂ ಎದುರಾಗಲಿಲ್ಲ.

೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಕಸಬಿನ ಬುಡವೇ ಅಲುಗಿತೆಂದು ಹೇಳುವವರಿದ್ದಾರೆ. ಅಪಾರ ಬರಹವನ್ನು ಓದಿಸಿ ತಯಾರಿಸಿದ ಭಾಷಾಯಂತ್ರಗಳಿಗೆ ಮಾದರಿ ವಾಕ್ಯಗಳ ಪಟ್ಟಿಯನ್ನು ಕೊಡಬೇಕಾಗಿಲ್ಲ. ಆರನೆಯ ಮನುಷ್ಯನ ಆರನೆಯ ವಾಕ್ಯವನ್ನೂ ಅವು ಬಹುಮಟ್ಟಿಗೆ ತಾವೇ ಗ್ರಹಿಸುತ್ತವೆ. ೨೦೨೪ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಜೆಮಿನಿ ಲೈವ್ ಎಂಬ ಸಂಭಾಷಣಾಯಂತ್ರವು ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಮಾತಾಡುವುದೆಂದು ಪ್ರಕಟಿಸಿತು. ೨೦೨೫ರ ಫೆಬ್ರವರಿಯಲ್ಲಿ ಅಮೆಜಾನ್ ಅಲೆಕ್ಸಾವನ್ನು ಇದೇ ಬಗೆಯ ಯಂತ್ರದ ಮೇಲೆ ಹೊಸದಾಗಿ ಕಟ್ಟಿದುದಾಗಿ ಸಾರಿತು. ಕಸಬುದಾರನ ಹೊರೆಯು ಒಂದು ಕಡೆಯಲ್ಲಿ ಹಗುರಾಯಿತೆಂಬುದು ನಿಜ. ಇನ್ನೊಂದು ಕಡೆಯಲ್ಲಿ ಅದು ಭಾರವಾಗಿದೆ. ಹಳೆಯ ಯಂತ್ರವು ತಿಳಿಯದಿದ್ದರೆ “ತಿಳಿಯಲಿಲ್ಲ” ಎನ್ನುತ್ತಿತ್ತು. ಹೊಸದು ತಿಳಿಯದಿದ್ದರೂ ನಿಸ್ಸಂಕೋಚವಾಗಿ ಒಂದು ಉತ್ತರವನ್ನು ಕಟ್ಟಿ ಹೇಳಬಲ್ಲುದು. ಶೇಂಗಾದ ಧಾರಣೆಯನ್ನು ಅದು ಊಹಿಸಿ ಹೇಳಿದರೆ ರೈತನ ಗತಿಯೇನು? ಆದುದರಿಂದ ಕೇಳುಗನ ಮಾತನ್ನು ತಿಳಿಯುವ ಕೆಲಸವನ್ನು ಭಾಷಾಯಂತ್ರಕ್ಕೆ ಒಪ್ಪಿಸಿದರೂ, ಅಂಕಿಯನ್ನು ಮಾರುಕಟ್ಟೆಯ ದಫ್ತರದಿಂದಲೇ ತರಿಸಬೇಕು. ದಫ್ತರದಲ್ಲಿ ಇಲ್ಲದಾಗ ಇಲ್ಲವೆಂದೇ ನುಡಿಸಬೇಕು. ಈ ಬೇಲಿಯನ್ನು ಕಟ್ಟುವುದು ಈಗಿನ ಕಸಬುದಾರನ ಮುಖ್ಯ ಕೆಲಸವಾಗಿದೆ. ಬರಹವನ್ನೇ ಉಂಡು ಬೆಳೆದ ಯಂತ್ರಕ್ಕೆ ಅಜ್ಜಿಯ ‘ದೀಪ ದೊಡ್ಡದು ಮಾಡು’ ತಿಳಿದಿರುವುದೆಂಬ ಭರವಸೆಯೂ ಇಲ್ಲ. ಅಜ್ಜಿಯರು ಅದನ್ನು ಎಲ್ಲಿಯೂ ಬರೆದಿಟ್ಟವರಲ್ಲ.

ಕೇಳುವ ಯಂತ್ರವು ಕೇಳಬಾರದ್ದನ್ನೂ ಕೇಳುವುದೆಂಬ ಭೀತಿಯು ನಿರಾಧಾರವಾದುದಲ್ಲ. ೨೦೧೭ರ ಏಪ್ರಿಲಿನಲ್ಲಿ ಬರ್ಗರ್ ಕಿಂಗ್ ಕಂಪನಿಯು ಅಮೇರಿಕೆಯ ಟೆಲಿವಿಜನ್ನಿನಲ್ಲಿ ಒಂದು ಜಾಹೀರಾತನ್ನು ಹೊರಡಿಸಿ, ಅದರಲ್ಲಿ ಗೂಗಲಿನ ಪೆಟ್ಟಿಗೆಯನ್ನು ಬೇಕೆಂದೇ ಹೆಸರು ಹಿಡಿದು ಕರೆದು ತನ್ನ ತಿಂಡಿಯ ವಿಷಯವನ್ನು ಕೇಳಿತು. ಊರೂರ ಪೆಟ್ಟಿಗೆಗಳು ಯಜಮಾನರ ಅಪ್ಪಣೆಯಿಲ್ಲದೆ ವಿಕಿಪೀಡಿಯಾವನ್ನು ಓದತೊಡಗಿದವು. ಕುಚೋದ್ಯಗಾರರು ಅಷ್ಟರಲ್ಲಿ ವಿಕಿಪೀಡಿಯಾವನ್ನೇ ತಿದ್ದಿಬಿಟ್ಟಿದ್ದರು. ಕೆಲವು ಗಂಟೆಗಳಲ್ಲಿ ಗೂಗಲ್ ಅದನ್ನು ತಡೆಯಿತು. ಅದು ನಗೆಯ ಪ್ರಸಂಗ. ಮಕ್ಕಳ ಧ್ವನಿಮುದ್ರಣಗಳನ್ನು ಕಾನೂನಿಗೆ ವಿರುದ್ಧವಾಗಿ ಇಟ್ಟುಕೊಂಡಿತೆಂಬ ಆರೋಪದ ಮೇಲೆ ಅಮೆಜಾನ್ ಕಂಪನಿಯು ೨೦೨೩ರಲ್ಲಿ ಅಮೇರಿಕೆಯ ಸರ್ಕಾರಕ್ಕೆ ೨೫ ದಶಲಕ್ಷ ಡಾಲರುಗಳ ದಂಡ ತೆರಲು ಒಪ್ಪಿದುದು ನಗೆಯ ಪ್ರಸಂಗವಲ್ಲ. ನಮ್ಮಲ್ಲಿ ಕನ್ನಡದ ಧ್ವನಿಗಳನ್ನು ಸಂಗ್ರಹಿಸಲು ಹೊರಡುವವರು ಕೊಟ್ಟವರ ಒಪ್ಪಿಗೆಯನ್ನು ಮೊದಲು ಪಡೆಯಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಸಂಗ್ರಹದ ಕಾರ್ಯವು ಆರಂಭವಾಗಿಲ್ಲವೆಂದಲ್ಲ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯು ೨೦೨೨ರ ಜುಲೈಯಲ್ಲಿ ಉದ್ಘಾಟನೆಯಾಯಿತು. ಮದರಾಸಿನ ಐಐಟಿಯಲ್ಲಿರುವ ಎಐ೪ಭಾರತ್ ತಂಡವು ಕನ್ನಡವೂ ಸೇರಿದಂತೆ ದೇಶಭಾಷೆಗಳ ಧ್ವನಿಯನ್ನು ಅಕ್ಷರವಾಗಿಸುವ ಸಾಧನಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ರೆಸ್ಪಿನ್ ಎಂಬ ಯೋಜನೆಯಲ್ಲಿ ಒಂಬತ್ತು ಭಾಷೆಗಳ ಉಪಭಾಷೆಗಳನ್ನು ಬೇಸಾಯ ಮತ್ತು ಹಣಕಾಸಿನ ಮಾತುಗಳೊಡನೆ ಕೂಡಿಹಾಕಿತು. ಅವುಗಳಲ್ಲಿ ಕನ್ನಡವೂ ಒಂದು. ಕ್ಷಯರೋಗದ ವಿಚಾರವಾಗಿ ಉತ್ತರ ಕೊಡುವ ಯಂತ್ರಕ್ಕಾಗಿ ಕರ್ನಾಟಕದ ಹಳ್ಳಿಗರು ೨೦೨೩ರಲ್ಲಿ ಕನ್ನಡ ವಾಕ್ಯಗಳನ್ನು ಓದಿ ಕೊಟ್ಟರು, ಅದಕ್ಕೆ ಕೂಲಿಯನ್ನೂ ಪಡೆದರು. ಅದೇ ವಿಜ್ಞಾನ ಸಂಸ್ಥೆಯು ಗೂಗಲಿನ ನೆರವಿನಿಂದ ೨೦೨೨ರಲ್ಲಿ ಆರಂಭಿಸಿದ ವಾಣಿ ಎಂಬ ಯೋಜನೆಯು ಒಂದು ಹೆಜ್ಜೆ ಮುಂದೆ ಹೋಗಿದೆ: ದೇಶದ ಜಿಲ್ಲೆ ಜಿಲ್ಲೆಗೂ ಹೋಗಿ, ಜನರಿಗೆ ಓದಲು ವಾಕ್ಯವನ್ನು ಕೊಡದೆ ಒಂದು ಚಿತ್ರವನ್ನು ತೋರಿಸಿ, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿರೆಂದು ಕೇಳುವ ಪದ್ಧತಿ ಅದರದು. ಓದಿದ ಕನ್ನಡಕ್ಕೂ ಆಡಿದ ಕನ್ನಡಕ್ಕೂ ಇರುವ ದೂರವನ್ನು ಬಲ್ಲವರ ಪದ್ಧತಿ.

ಚಿತ್ರವನ್ನು ವರ್ಣಿಸುವ ಮಾತು ದೊರೆಯಿತು. ಇನ್ನು ಬೇಕಾದುದು ಕೇಳುವ ಮಾತು, ಬೇಡುವ ಮಾತು, ತಕರಾರಿನ ಮಾತು. ಅದು ದಿನವೂ ಧಾರಾಳವಾಗಿ ಹರಿಯುತ್ತಿರುವ ಸ್ಥಳಗಳು ನಮ್ಮಲ್ಲಿ ಬೇಕಾದಷ್ಟಿವೆ: ಬಸ್ ನಿಲ್ದಾಣದ ವಿಚಾರಣೆಯ ಕಿಟಕಿ, ಎಪಿಎಂಸಿಯ ದಲಾಲಿಯ ಕಟ್ಟೆ, ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೊಡುವ ಮೇಜು, ಸರ್ಕಾರಿ ಆಸ್ಪತ್ರೆಯ ಚೀಟಿ ಬರೆಯುವ ಸ್ಥಳ. ಆ ಕಿಟಕಿಯ ಹಿಂದೆ ಇಪ್ಪತ್ತು ವರ್ಷ ಕುಳಿತವನಿಗೆ, ಅರ್ಧ ವಾಕ್ಯದಲ್ಲಿಯೇ ಎದುರಿನವನ ಇಂಗಿತವು ತಿಳಿಯುತ್ತದೆ; ಯಾವ ಮಾತಿಗೆ ಮರುಪ್ರಶ್ನೆ ಹಾಕಬೇಕೆಂಬುದೂ ಅವನಿಗೆ ಗೊತ್ತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳು, ತಮ್ಮ ಜೊತೆಗೆ ಕನ್ನಡ ಎಂ.ಎ. ತರಗತಿಯ ಇಬ್ಬರನ್ನು ಕರೆದುಕೊಂಡು, ಕಿಟಕಿಯವನ ಮತ್ತು ಬಂದವರ ಸಮ್ಮತಿ ಪಡೆದು, ಹೆಸರುಗಳನ್ನು ಬಿಟ್ಟು ಪ್ರಶ್ನೆಗಳನ್ನಷ್ಟೇ ಒಂದು ತಿಂಗಳು ಬರೆದುಕೊಂಡರೆ, ಒಂದೊಂದು ಊರಿನಿಂದಲೂ ಒಂದೊಂದು ಇಂಗಿತಗಳ ಪುಸ್ತಕವು ಸಿದ್ಧವಾಗುವುದು. ಅದನ್ನು ಅಲೆಕ್ಸಾಗೆ ಕಲಿಸಬಹುದು, ಕಲಿಸಗೊಡದಿದ್ದರೆ ತುಮಕೂರಿನವರು ಮಾಡಿದಂತೆ ಸಾದಾ ಟೆಲಿಫೋನಿಗೆ ಕಲಿಸಬಹುದು. ನಾಳೆ ಬರುವ ಇನ್ನೊಂದು ಯಂತ್ರಕ್ಕೂ ಅದೇ ಪುಸ್ತಕವು ನಡೆಯುವುದು. ಇದಕ್ಕೆ ಬೇಕಾದ ಸಾಮಗ್ರಿಯು ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಮತ್ತು ಕಿಟಕಿಯ ಪಕ್ಕದಲ್ಲಿ ಒಂದು ಸ್ಟೂಲು.